ಕೆನಡಾದ ಎಂಜಿನಿಯರ್ ಪರವಾನಗಿಗೆ ನೀತಿ ಮತ್ತು ಕಾನೂನು ಪರೀಕ್ಷೆ: ಸಿದ್ಧತೆಯ ಸಮಗ್ರ ಮಾರ್ಗದರ್ಶಿ

ಕರ್ನಾಟಕದಲ್ಲಿ ಬಿ.ಇ. ಮುಗಿಸಿ, ವರ್ಷಗಟ್ಟಲೆ ರಸ್ತೆ, ಸೇತುವೆ, ವಿದ್ಯುತ್ ಸ್ಥಾವರಗಳ ಕೆಲಸ ಮಾಡಿ ಕೆನಡಾಕ್ಕೆ ವಲಸೆ ಹೋದವರು ಅಲ್ಲಿ ತಮ್ಮ ಹೆಸರಿನ ಜೊತೆ ‘ಎಂಜಿನಿಯರ್’ ಎಂದು ಬರೆದುಕೊಳ್ಳುವ ಮುನ್ನ ಪ್ರಾಂತ್ಯದ ನಿಯಂತ್ರಣ ಸಂಸ್ಥೆಯಿಂದ ಪರವಾನಗಿ ಪಡೆಯಬೇಕಾಗುತ್ತದೆ. ಪದವಿ, ಅನುಭವ, ಭಾಷೆ, ಸನ್ನಡತೆ ಇವುಗಳ ಜೊತೆಗೆ ಈ ಪರವಾನಗಿಗೆ ಬೇಕಾದ ಇನ್ನೊಂದು ಅರ್ಹತೆಯೆಂದರೆ ನ್ಯಾಷನಲ್ ಪ್ರೊಫೆಷನಲ್ ಪ್ರಾಕ್ಟೀಸ್ ಎಕ್ಸಾಮಿನೇಷನ್, ಅಂದರೆ ಎಲ್ಲರೂ ಎನ್‌ಪಿಪಿಇ ಎಂದು ಕರೆಯುವ ಪರೀಕ್ಷೆ. ಆಲ್ಬರ್ಟಾ ಪ್ರಾಂತ್ಯದ ನಿಯಂತ್ರಣ ಸಂಸ್ಥೆಯಾದ ಅಪೆಗಾ ಇದನ್ನು ರೂಪಿಸಿ ನಡೆಸುತ್ತದೆ; ಒಂಟಾರಿಯೊ, ಬ್ರಿಟಿಷ್ ಕೊಲಂಬಿಯಾ ಸೇರಿದಂತೆ ಬಹುತೇಕ ಪ್ರಾಂತ್ಯಗಳು ಇದನ್ನೇ ಒಪ್ಪಿಕೊಂಡಿವೆ. ಕ್ವಿಬೆಕ್‌ನಲ್ಲಿ ಸಿವಿಲ್ ಕೋಡ್ ಪದ್ಧತಿಯ, ಅಂದರೆ ಲಿಖಿತ ಸಂಹಿತೆಯನ್ನು ಆಧರಿಸಿದ ಕಾನೂನು ಇರುವುದರಿಂದ ಮತ್ತು ಅಲ್ಲಿನ ಸಂಸ್ಥೆ ತನ್ನದೇ ಪರೀಕ್ಷೆ ನಡೆಸುವುದರಿಂದ ಈ ಬರಹ ಆ ಪ್ರಾಂತ್ಯಕ್ಕೆ ಅನ್ವಯಿಸುವುದಿಲ್ಲ.

ಈ ಪರೀಕ್ಷೆಯಲ್ಲಿ ಒಂದೇ ಒಂದು ಲೆಕ್ಕ ಇರುವುದಿಲ್ಲ. ಬಾಗುವ ತೊಲೆಯೂ ಇಲ್ಲ, ಸರ್ಕ್ಯೂಟೂ ಇಲ್ಲ. ಹಾಗಿದ್ದೂ ನುರಿತ ಎಂಜಿನಿಯರುಗಳು ಇದರಲ್ಲಿ ಎಡವುತ್ತಾರೆ. ಇದಕ್ಕೆ ಕಾರಣ ಓದು ಸಾಲದಿರುವುದಕ್ಕಿಂತ ಹೆಚ್ಚಾಗಿ, ಭಾರತದಲ್ಲಿ ರೂಢಿಯಾದ ತಿಳಿವಳಿಕೆಯನ್ನೇ ಉತ್ತರವೆಂದು ನಂಬುವುದು ಎಂಬುದು ನನ್ನ ಅಭಿಪ್ರಾಯ. ಎರಡೂ ದೇಶಗಳ ಒಪ್ಪಂದ ಕಾನೂನು ಇಂಗ್ಲಿಷ್ ಕಾಮನ್ ಲಾದಿಂದಲೇ, ಅಂದರೆ ನ್ಯಾಯಾಲಯದ ತೀರ್ಪುಗಳ ಮೂಲಕ ಬೆಳೆದ ಕಾನೂನಿನಿಂದಲೇ ಬಂದಿದ್ದು ನೋಡಲು ಒಂದೇ ಬಗೆಯಾಗಿ ಕಾಣುತ್ತದೆ. ವ್ಯತ್ಯಾಸವಿರುವ ಕೆಲವೇ ಕಡೆ ಪರೀಕ್ಷೆಯ ಪ್ರಶ್ನೆಗಳು ಬಂದು ಕೂರುತ್ತವೆ. ಆದ್ದರಿಂದ ಈ ಮಾರ್ಗದರ್ಶಿಯ ಹೆಚ್ಚಿನ ಭಾಗವನ್ನು ಅಂತಹ ಜಾಗಗಳಿಗೇ ಮೀಸಲಿಟ್ಟಿದ್ದೇನೆ.

ಮೊದಲ ಹಂತ: ಪರೀಕ್ಷೆಯ ಸ್ವರೂಪವನ್ನು ತಿಳಿದುಕೊಳ್ಳಿ

ಎರಡೂವರೆ ಗಂಟೆಯಲ್ಲಿ 110 ಬಹು ಆಯ್ಕೆಯ ಪ್ರಶ್ನೆಗಳಿಗೆ ಉತ್ತರಿಸಬೇಕು. ಅವುಗಳಲ್ಲಿ 10 ಪ್ರಶ್ನೆಗಳು ಮುಂದಿನ ಪರೀಕ್ಷೆಗಳಿಗಾಗಿ ಪ್ರಯೋಗಾರ್ಥ ಸೇರಿಸಿದವು. ಅಂಕಕ್ಕೆ ಲೆಕ್ಕವಾಗುವುದು ಉಳಿದ 100 ಮಾತ್ರ. ಯಾವ ಹತ್ತು ಎಂಬುದು ಅಭ್ಯರ್ಥಿಗೆ ಗೊತ್ತಾಗುವುದಿಲ್ಲವಾದ್ದರಿಂದ, ವಿಚಿತ್ರವೆನಿಸುವ ಪ್ರಶ್ನೆಯೊಂದು ಎದುರಾದರೆ ಅದರ ಮೇಲೆ ಐದು ನಿಮಿಷ ಸುರಿಯುವ ಅಗತ್ಯವಿಲ್ಲ. ಪುಸ್ತಕ ತೆರೆದು ನೋಡುವ ಅವಕಾಶವಿಲ್ಲ. ಪರೀಕ್ಷೆಯನ್ನು ಕಂಪ್ಯೂಟರ್‌ನಲ್ಲಿ, ದೂರದಿಂದ ಕ್ಯಾಮೆರಾ ಮೂಲಕ ನಿಗಾ ಇಟ್ಟು ನಡೆಸಲಾಗುತ್ತದೆ.

ಪಠ್ಯಕ್ರಮದಲ್ಲಿ ಆರು ವಿಭಾಗಗಳಿವೆ. ವೃತ್ತಿ ಆಚರಣೆಗೆ ಎಲ್ಲಕ್ಕಿಂತ ದೊಡ್ಡ ಪಾಲು, ಅಂದರೆ ಸುಮಾರು ಶೇ. 30ರಷ್ಟು ಇದೆ. ಒಪ್ಪಂದ ಮತ್ತು ಟಾರ್ಟ್ (ಒಪ್ಪಂದವಿಲ್ಲದೆಯೂ ಇನ್ನೊಬ್ಬರಿಗಾದ ಹಾನಿಗೆ ಬರುವ ಹೊಣೆ) ಒಳಗೊಂಡ ಕಾನೂನು ವಿಭಾಗಕ್ಕೆ ನಾಲ್ಕನೇ ಒಂದು ಭಾಗದಷ್ಟು, ನೀತಿಗೆ ಐದನೇ ಒಂದು ಭಾಗದ ಆಸುಪಾಸು ಸಿಗುತ್ತದೆ. ಉಳಿದದ್ದು ವೃತ್ತಿಪರತೆ, ವೃತ್ತಿಯ ಶಾಸನ ಹಾಗೂ ನಿಯಂತ್ರಣ ಮತ್ತು ಶಿಸ್ತು ಕ್ರಮಗಳ ನಡುವೆ ಹಂಚಿಹೋಗುತ್ತದೆ. ‘ಎಥಿಕ್ಸ್ ಪರೀಕ್ಷೆ’ ಎಂದು ಕರೆಯುವ ರೂಢಿಯಿಂದಾಗಿ ನೀತಿಸಂಹಿತೆಯನ್ನು ಮಾತ್ರ ಬಾಯಿಪಾಠ ಮಾಡಿ ಹೋಗುವವರು ಈ ಅನುಪಾತವನ್ನು ಒಮ್ಮೆ ನೋಡಿಕೊಳ್ಳುವುದು ಒಳಿತು.

ಒಂಟಾರಿಯೊ ಪ್ರಾಂತ್ಯ ಹಿಂದೆ ಪ್ರಬಂಧ ರೂಪದ ತನ್ನದೇ ಪರೀಕ್ಷೆ ನಡೆಸುತ್ತಿತ್ತು. ಆ ಕಾಲದ ಟಿಪ್ಪಣಿಗಳು ಇಂದಿಗೂ ಕೈಯಿಂದ ಕೈಗೆ ಹರಿದಾಡುತ್ತಿವೆ. ಕಾನೂನಿನ ತತ್ವಗಳಿಗೆ ಅವು ಉಪಯುಕ್ತವೇ ಸರಿ. ಆದರೆ ಪುಟಗಟ್ಟಲೆ ಉತ್ತರ ಬರೆಯುವ ಅಭ್ಯಾಸಕ್ಕೆ ಈಗ ಬೆಲೆಯಿಲ್ಲ.

ಎರಡನೇ ಹಂತ: ಎಂಟರಿಂದ ಹತ್ತು ವಾರಗಳ ಓದು

ಕೆಲಸದ ಜೊತೆಗೆ ಓದುವವರಿಗೆ ಎಂಟರಿಂದ ಹತ್ತು ವಾರ ಸಾಕು. ಪಠ್ಯಪುಸ್ತಕಗಳು ಎರಡು: ವೃತ್ತಿ ಮತ್ತು ನೀತಿಗೆ ಗಾರ್ಡನ್ ಆಂಡ್ರ್ಯೂಸ್ ಅವರದು, ಕಾನೂನಿಗೆ ಸ್ಯಾಮ್ಯುಯೆಲ್ಸ್ ಮತ್ತು ಸ್ಯಾಂಡರ್ಸ್ ಅವರದು. ಮೊದಲ ಮೂರು ವಾರ ಕಾನೂನಿನ ಪುಸ್ತಕವನ್ನೇ ಹಿಡಿಯಿರಿ ಎಂಬುದು ನನ್ನ ಸಲಹೆ. ಸಾಮಾನ್ಯವಾಗಿ ಎಲ್ಲರೂ ನೀತಿಯಿಂದ ಆರಂಭಿಸುತ್ತಾರೆ, ಏಕೆಂದರೆ ಅದು ಓದಲು ಹಗುರ. ಕಾನೂನಿಗೆ ಬರುವಷ್ಟರಲ್ಲಿ ಸಮಯವೂ ಉತ್ಸಾಹವೂ ತೀರಿರುತ್ತದೆ. ನಂತರದ ಮೂರು ವಾರ ವೃತ್ತಿ ಮತ್ತು ನೀತಿ, ಆಮೇಲೆ ಒಂದು ವಾರ ಪ್ರಾಂತ್ಯದ ಕಾಯ್ದೆ, ಉಳಿದದ್ದು ಅಭ್ಯಾಸ ಪ್ರಶ್ನೆಗಳಿಗೆ.

ಹಳೆಯ ಆವೃತ್ತಿಯನ್ನು ಎರವಲು ಪಡೆದು ಓದುವವರು ಬೌದ್ಧಿಕ ಆಸ್ತಿಯ ಅಧ್ಯಾಯದಲ್ಲಿ ವಿಶೇಷವಾಗಿ ಎಚ್ಚರದಿಂದಿರಬೇಕು. ಕೃತಿಸ್ವಾಮ್ಯದ ಅವಧಿ ಲೇಖಕರ ಮರಣಾನಂತರ 50 ವರ್ಷ ಇದ್ದದ್ದು 2022ರ ಡಿಸೆಂಬರ್ 30ರಿಂದ 70 ವರ್ಷವಾಗಿದೆ. ಟ್ರೇಡ್‌ಮಾರ್ಕ್ ನೋಂದಣಿಯ ಅವಧಿ 2019ರಲ್ಲಿ 15ರಿಂದ 10 ವರ್ಷಕ್ಕೆ ಇಳಿದಿದ್ದು, ಅದನ್ನು ನವೀಕರಿಸಿಕೊಳ್ಳಬಹುದು. ಪೇಟೆಂಟ್ ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ, ಕೈಗಾರಿಕಾ ವಿನ್ಯಾಸಕ್ಕೆ ಗರಿಷ್ಠ 15 ವರ್ಷ.

ಮೂರನೇ ಹಂತ: ಒಪ್ಪಂದ ಕಾನೂನಿನಲ್ಲಿ ನಮ್ಮ ರೂಢಿಯನ್ನು ಬದಿಗಿಡಿ

ಒಪ್ಪಂದ ಸಿಂಧುವಾಗಲು ಬೇಕಾದ ಐದು ಅಂಶಗಳನ್ನು ಕಣ್ಣುಮುಚ್ಚಿ ಹೇಳುವಂತಿರಬೇಕು: ಪ್ರಸ್ತಾವ ಮತ್ತು ಅಂಗೀಕಾರ, ಪ್ರತಿಫಲ (ವಚನಕ್ಕೆ ಬದಲಾಗಿ ಕೊಡುವುದು), ಕಾನೂನುಬದ್ಧ ಸಂಬಂಧಕ್ಕೆ ಒಳಪಡುವ ಉದ್ದೇಶ, ಸಾಮರ್ಥ್ಯ, ಕಾನೂನುಸಮ್ಮತ ಗುರಿ. ಪಟ್ಟಿ ಭಾರತದಲ್ಲಿ ಓದಿದ್ದಕ್ಕಿಂತ ಬೇರೆಯಲ್ಲ. ವ್ಯತ್ಯಾಸ ಇರುವುದು ಒಳಗೆ.

ಪ್ರತಿಫಲವನ್ನೇ ತೆಗೆದುಕೊಳ್ಳಿ. ಭಾರತೀಯ ಒಪ್ಪಂದ ಕಾಯ್ದೆ, 1872ರ 2(ಡಿ) ವಿಧಿಯ ಪ್ರಕಾರ ಪ್ರತಿಫಲವನ್ನು ವಚನ ಪಡೆದವನೇ ಕೊಡಬೇಕೆಂದಿಲ್ಲ, ಬೇರೆ ಯಾರಾದರೂ ಕೊಡಬಹುದು. ವಚನ ನೀಡಿದವನ ಕೋರಿಕೆಯ ಮೇರೆಗೆ ಹಿಂದೆಯೇ ಮಾಡಿ ಮುಗಿಸಿದ ಕೆಲಸವೂ ಪ್ರತಿಫಲವಾಗಬಲ್ಲದು. ಕೆನಡಾದ ಕಾಮನ್ ಲಾ ಪ್ರಾಂತ್ಯಗಳಲ್ಲಿ ಪ್ರತಿಫಲ ವಚನ ಪಡೆದವನಿಂದಲೇ ಬರಬೇಕು, ಮತ್ತು ಮುಗಿದುಹೋದ ಕೆಲಸ ಸಾಮಾನ್ಯವಾಗಿ ಪ್ರತಿಫಲವಲ್ಲ. ‘ಸಲಹಾ ಎಂಜಿನಿಯರ್ ಒಬ್ಬರು ಕೆಲಸವನ್ನು ಪೂರ್ಣಗೊಳಿಸಿದ ಮೇಲೆ ಮಾಲೀಕ ಸಂತೋಷಗೊಂಡು ಹೆಚ್ಚುವರಿ ಹತ್ತು ಸಾವಿರ ಡಾಲರ್ ಕೊಡುವುದಾಗಿ ಹೇಳಿ, ನಂತರ ನಿರಾಕರಿಸಿದರೆ ಅದನ್ನು ವಸೂಲು ಮಾಡಬಹುದೇ?’ ಎಂಬ ಮಾದರಿಯ ಪ್ರಶ್ನೆಗೆ ಇಲ್ಲ ಎಂಬುದೇ ಉತ್ತರ. ಆದರೆ ಅದೇ ವಚನವನ್ನು ಮುದ್ರೆಯೊತ್ತಿದ ದಸ್ತಾವೇಜಿನಲ್ಲಿ ನೀಡಿದ್ದರೆ ಪ್ರತಿಫಲದ ಪ್ರಶ್ನೆಯೇ ಏಳುವುದಿಲ್ಲ. ಆಯ್ಕೆಗಳ ನಡುವೆ ಈ ಮುದ್ರೆ ಎಲ್ಲಾದರೂ ಅಡಗಿದೆಯೇ ಎಂದು ನೋಡಬೇಕು.

ಅಪ್ರಾಪ್ತರ ವಿಷಯವೂ ಹಾಗೆಯೇ. 1903ರ ಮೊಹೋರಿ ಬೀಬಿ ತೀರ್ಪಿನ ನಂತರ ಭಾರತದಲ್ಲಿ ಅಪ್ರಾಪ್ತರ ಒಪ್ಪಂದ ಮೂಲದಲ್ಲಿಯೇ ಶೂನ್ಯ. ಕೆನಡಾದಲ್ಲಿ ಅದು ಸಾಮಾನ್ಯವಾಗಿ ಅಪ್ರಾಪ್ತರು ಬೇಕಿದ್ದರೆ ರದ್ದುಪಡಿಸಬಹುದಾದ ಒಪ್ಪಂದ. ಜೀವನಾವಶ್ಯಕ ವಸ್ತುಗಳಿಗೆ ಸಂಬಂಧಿಸಿದ್ದಾದರೆ ಅವರನ್ನೂ ಕಟ್ಟಿಹಾಕುತ್ತದೆ.

ನಮ್ಮ ಗುತ್ತಿಗೆ ಕೆಲಸಗಳಲ್ಲಿ ದಿನಬೆಳಗಾದರೆ ಕೇಳಿಬರುವ ಎಲ್‌ಡಿ, ಅಂದರೆ ವಿಳಂಬಕ್ಕೆ ದಿನಕ್ಕಿಷ್ಟು ಎಂದು ಮೊದಲೇ ಗೊತ್ತುಪಡಿಸಿದ ಮೊತ್ತ, ಮೂರನೇ ಎಡವುಗಲ್ಲು. ಭಾರತದ ಕಾಯ್ದೆಯ 74ನೇ ವಿಧಿ ಅದು ನಷ್ಟದ ಅಂದಾಜೋ ದಂಡವೋ ಎಂಬ ಭೇದವನ್ನು ಬಹುಮಟ್ಟಿಗೆ ಅಳಿಸಿ, ನಮೂದಿಸಿದ ಮೊತ್ತವನ್ನು ಮೀರದ ನ್ಯಾಯೋಚಿತ ಪರಿಹಾರಕ್ಕೆ ಅವಕಾಶ ಕೊಡುತ್ತದೆ. ಕೆನಡಾದಲ್ಲಿ ಆ ಭೇದ ಜೀವಂತವಾಗಿದೆ. ಒಪ್ಪಂದದ ಹೊತ್ತಿಗೆ ಪ್ರಾಮಾಣಿಕವಾಗಿ ಮಾಡಿದ ಪೂರ್ವಾಂದಾಜಾದರೆ ಅದು ಜಾರಿಯಾಗುತ್ತದೆ. ಹೆದರಿಸಲೆಂದೇ ಇಟ್ಟ ಭಾರೀ ಮೊತ್ತವಾದರೆ ನ್ಯಾಯಾಲಯ ಅದನ್ನು ಜಾರಿಗೊಳಿಸಲು ಸಾಮಾನ್ಯವಾಗಿ ಒಪ್ಪುವುದಿಲ್ಲ.

ನಷ್ಟ ಪರಿಹಾರ ಎಲ್ಲಿಯವರೆಗೆ ಎಂಬುದಕ್ಕೆ 1854ರ ಹ್ಯಾಡ್ಲಿ ವಿರುದ್ಧ ಬ್ಯಾಕ್ಸೆಂಡೇಲ್ ತೀರ್ಪು ಇಂದಿಗೂ ಆಧಾರ. ಗ್ಲಾಸ್ಟರ್‌ನ ಹಿಟ್ಟಿನ ಗಿರಣಿಯ ಮುರಿದ ಕ್ರ್ಯಾಂಕ್‌ಶಾಫ್ಟನ್ನು ಸಾಗಿಸುವವರು ತಡ ಮಾಡಿದರು. ಗಿರಣಿ ನಿಂತು ಕಳೆದುಕೊಂಡ ಲಾಭವನ್ನು ಕೊಡಿಸಲು ನ್ಯಾಯಾಲಯ ಒಪ್ಪಲಿಲ್ಲ, ಏಕೆಂದರೆ ಅಂತಹ ನಷ್ಟವನ್ನು ಎರಡೂ ಪಕ್ಷಗಳು ಒಪ್ಪಂದದ ಹೊತ್ತಿಗೆ ಊಹಿಸಬಹುದಾಗಿತ್ತು ಎನ್ನುವಂತಿರಲಿಲ್ಲ.

ನಾಲ್ಕನೇ ಹಂತ: ಟೆಂಡರ್ ಪ್ರಕರಣಗಳನ್ನು ಕಥೆಯಾಗಿ ನೆನಪಿಡಿ

ಲೋಕೋಪಯೋಗಿ ಇಲಾಖೆಯ ಟೆಂಡರುಗಳಲ್ಲಿ ಇಎಂಡಿ, ಅಂದರೆ ಬಿಡ್ ಜೊತೆಗಿಡುವ ಠೇವಣಿ ಕಟ್ಟಿ ಅನುಭವವಿರುವವರಿಗೆ ಈ ಭಾಗ ಆಸಕ್ತಿಕರವಾಗಿರುತ್ತದೆ. 1981ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ರಾನ್ ಎಂಜಿನಿಯರಿಂಗ್ ಪ್ರಕರಣದಲ್ಲಿ ನೀಡಿದ ತೀರ್ಪು ಅಲ್ಲಿನ ಟೆಂಡರ್ ಕಾನೂನಿನ ಅಡಿಪಾಯ. ಗುತ್ತಿಗೆದಾರ 27,48,000 ಡಾಲರಿಗೆ ಬಿಡ್ ಸಲ್ಲಿಸಿ, ಜೊತೆಗೆ ಒಂದೂವರೆ ಲಕ್ಷ ಡಾಲರ್ ಠೇವಣಿ ಇಟ್ಟಿದ್ದ. ಬಿಡ್ ತೆರೆದ ಮೇಲೆ ಏಳೂವರೆ ಲಕ್ಷ ಡಾಲರಿನಷ್ಟು ಮೊತ್ತ ಲೆಕ್ಕದಿಂದ ಬಿಟ್ಟುಹೋಗಿದೆ ಎಂದು ಗೊತ್ತಾಯಿತು. ತಪ್ಪನ್ನು ತಕ್ಷಣ ತಿಳಿಸಿ ಠೇವಣಿ ಮರಳಿ ಕೇಳಿದರೂ ನ್ಯಾಯಾಲಯ ಕೊಡಿಸಲಿಲ್ಲ. ಕರೆಗೆ ಅನುಗುಣವಾದ ಬಿಡ್ ಸಲ್ಲಿಸಿದ ಕ್ಷಣವೇ ಒಂದು ಒಪ್ಪಂದ ಹುಟ್ಟುತ್ತದೆ, ಕಾಮಗಾರಿಯ ಒಪ್ಪಂದ ಅದರಿಂದ ಬೇರೆ ಎಂದು ಅದು ಹೇಳಿತು. ಇವೇ ‘ಕಾಂಟ್ರ್ಯಾಕ್ಟ್ ಎ’ ಮತ್ತು ‘ಕಾಂಟ್ರ್ಯಾಕ್ಟ್ ಬಿ’.

ಇದು ಗುತ್ತಿಗೆದಾರರನ್ನಷ್ಟೇ ಕಟ್ಟಿಹಾಕುವ ನಿಯಮವಲ್ಲ. 1999ರ ಎಂ.ಜೆ.ಬಿ. ಎಂಟರ್‌ಪ್ರೈಸಸ್ ತೀರ್ಪಿನ ಪ್ರಕಾರ, ‘ಅತಿ ಕಡಿಮೆ ದರದ ಅಥವಾ ಯಾವುದೇ ಬಿಡ್ಡನ್ನು ಒಪ್ಪಬೇಕಾಗಿಲ್ಲ’ ಎಂಬ ಷರತ್ತು ಇದ್ದ ಮಾತ್ರಕ್ಕೆ ನಿಯಮಕ್ಕೆ ಹೊಂದದ ಬಿಡ್ಡನ್ನು ಮಾಲೀಕ ಒಪ್ಪಿಕೊಳ್ಳುವಂತಿಲ್ಲ. ಹೊಣೆಯಿಂದ ತಪ್ಪಿಸಿಕೊಳ್ಳುವ ಷರತ್ತುಗಳನ್ನು ಹೇಗೆ ಪರಿಶೀಲಿಸಬೇಕು ಎಂಬುದಕ್ಕೆ 2010ರ ಟರ್ಕಾನ್ ತೀರ್ಪು ಮೂರು ಪ್ರಶ್ನೆಗಳನ್ನು ಹಾಕಿಕೊಟ್ಟಿದೆ: ಷರತ್ತು ಈ ಸಂದರ್ಭಕ್ಕೆ ಅನ್ವಯಿಸುತ್ತದೆಯೇ, ಒಪ್ಪಂದದ ಹೊತ್ತಿಗೆ ಅದು ಅನ್ಯಾಯದ ಹೇರಿಕೆಯಾಗಿತ್ತೇ, ಅದನ್ನು ಜಾರಿಗೊಳಿಸದಿರಲು ಬಲವಾದ ಸಾರ್ವಜನಿಕ ಹಿತದ ಕಾರಣವಿದೆಯೇ. ಇಸವಿಗಳನ್ನು ಕಂಠಪಾಠ ಮಾಡುವುದಕ್ಕಿಂತ, ಯಾವ ಪ್ರಕರಣದಲ್ಲಿ ಯಾರು ಯಾರಿಗೆ ಏನು ಋಣಿಯಾಗಿದ್ದರು ಎಂದು ಎರಡು ಸಾಲಿನಲ್ಲಿ ಬರೆದಿಟ್ಟುಕೊಳ್ಳುವುದು ಪರೀಕ್ಷೆಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಐದನೇ ಹಂತ: ಒಪ್ಪಂದವಿಲ್ಲದೆಯೂ ಹೊಣೆ ಬರುವ ಬಗೆ

ಟಾರ್ಟ್‌ನ ನಿರ್ಲಕ್ಷ್ಯದ ಪ್ರಶ್ನೆಗಳಿಗೆಲ್ಲ ಮೂರು ಮೆಟ್ಟಿಲುಗಳಿವೆ. ಎಚ್ಚರ ವಹಿಸುವ ಕರ್ತವ್ಯ ಇತ್ತೇ, ಅದರಲ್ಲಿ ಲೋಪವಾಯಿತೇ, ಆ ಲೋಪದಿಂದಲೇ ಹಾನಿಯಾಯಿತೇ. 1932ರ ಡೊನೊಹ್ಯೂ ವಿರುದ್ಧ ಸ್ಟೀವನ್‌ಸನ್ ತೀರ್ಪು, ಅಂದರೆ ಶುಂಠಿ ಪಾನೀಯದ ಬಾಟಲಿಯಲ್ಲಿ ಬಸವನಹುಳು ಸಿಕ್ಕಿತೆಂಬ ದೂರಿನ ಪ್ರಕರಣ, ಮೊದಲ ಮೆಟ್ಟಿಲಿಗೆ ಆಧಾರ. 1963ರಲ್ಲಿ ಇತ್ಯರ್ಥವಾದ ಹೆಡ್ಲಿ ಬರ್ನ್ ಪ್ರಕರಣ ಅದನ್ನು ಮಾತಿಗೂ ವರದಿಗೂ ವಿಸ್ತರಿಸಿತು. ಇನ್ನೊಬ್ಬರು ನಂಬಿ ನಡೆಯುತ್ತಾರೆಂದು ಗೊತ್ತಿದ್ದೂ ಅಜಾಗ್ರತೆಯಿಂದ ಸಲಹೆ ಕೊಟ್ಟರೆ ಹೊಣೆ ಬರುತ್ತದೆ ಎಂಬ ಈ ತತ್ವ ಸಲಹಾ ಎಂಜಿನಿಯರುಗಳಿಗೆ ಬಸವನಹುಳುವಿಗಿಂತ ಬಹಳ ಹತ್ತಿರದ್ದು.

ಕೆನಡಾದ ಎರಡು ತೀರ್ಪುಗಳನ್ನು ಇದರ ಜೊತೆಗೆ ಓದಿಕೊಳ್ಳಬೇಕು. 1993ರ ಎಡ್ಜ್‌ವರ್ತ್ ಪ್ರಕರಣದಲ್ಲಿ ಟೆಂಡರ್ ದಾಖಲೆಗಳಲ್ಲಿನ ತಪ್ಪಿನಿಂದ ನಷ್ಟವಾಯಿತೆಂದು ಗುತ್ತಿಗೆದಾರ, ತನ್ನೊಡನೆ ಯಾವ ಒಪ್ಪಂದವೂ ಇಲ್ಲದ ವಿನ್ಯಾಸ ಸಂಸ್ಥೆಯ ಮೇಲೆ ಹೂಡಿದ ದಾವೆ ಮುಂದುವರಿಯಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತು. 1995ರ ವಿನ್ನಿಪೆಗ್ ಕಾಂಡೊಮಿನಿಯಂ ಪ್ರಕರಣದಲ್ಲಿ, ಬಹುಮಹಡಿ ಕಟ್ಟಡದ ಒಂಬತ್ತನೇ ಅಂತಸ್ತಿನಿಂದ ಹೊರಗೋಡೆಯ ಹೊದಿಕೆ ಕಳಚಿ ಬಿದ್ದಿತ್ತು. ಕಟ್ಟಿದವರಿಂದ ನೇರವಾಗಿ ಕೊಳ್ಳದ, ನಂತರ ಬಂದ ಮಾಲೀಕರಿಗೂ ಅಪಾಯಕಾರಿ ದೋಷವನ್ನು ಸರಿಪಡಿಸುವ ವೆಚ್ಚ ಸಿಗಬಹುದು ಎಂದಾಯಿತು. ಪ್ರಶ್ನೆಯಲ್ಲಿ ದೋಷ ‘ಅಪಾಯಕಾರಿ’ಯೋ ಅಥವಾ ಬರೀ ಕಳಪೆ ಕೆಲಸವೋ ಎಂಬುದನ್ನು ಎರಡು ಸಲ ಓದಿ ನೋಡಿ. ಉತ್ತರ ಅದರ ಮೇಲೆ ನಿಂತಿರುತ್ತದೆ.

ದಾವೆಯ ಕಾಲಮಿತಿ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬದಲಾಗುತ್ತದೆ. ಒಂಟಾರಿಯೊದಲ್ಲಿ ದೋಷ ಪತ್ತೆಯಾದಂದಿನಿಂದ ಎರಡು ವರ್ಷ, ಹೆಚ್ಚೆಂದರೆ 15 ವರ್ಷ. ಆಲ್ಬರ್ಟಾದಲ್ಲಿ ಎರಡು ಮತ್ತು 10. ಪತ್ತೆಯಾದ ದಿನ ಮತ್ತು ಅಂತಿಮ ಗಡುವು ಎಂಬ ಎರಡು ಗಡಿಯಾರಗಳಿವೆ ಎಂಬ ತತ್ವವನ್ನು ಗಟ್ಟಿಮಾಡಿಕೊಂಡರೆ ಸಾಕು.

ಆರನೇ ಹಂತ: ನೀತಿ ಪ್ರಶ್ನೆಗಳಲ್ಲಿ ಕರ್ತವ್ಯದ ಕ್ರಮ

ಸಾರ್ವಜನಿಕರ ಸುರಕ್ಷತೆ ಮೊದಲು. ಗ್ರಾಹಕ, ಉದ್ಯೋಗದಾತ, ಸಹೋದ್ಯೋಗಿ, ಸ್ವಂತ ಹಿತ ಎಲ್ಲವೂ ಆಮೇಲೆ. ಇಷ್ಟನ್ನು ಎಲ್ಲರೂ ಬಲ್ಲರು. ಆದರೂ ಅಂಕ ಕಳೆದುಕೊಳ್ಳುವುದು, ಅಪಾಯ ಕಂಡೊಡನೆ ಯಾರಿಗೆ ಮೊದಲು ಹೇಳಬೇಕು ಎಂಬಲ್ಲಿ. ಒಂದು ಮಾದರಿಯನ್ನು ನೋಡೋಣ.

ಗೋದಾಮಿನ ಉಕ್ಕಿನ ಅಟ್ಟಣಿಗೆಯನ್ನು ವಿನ್ಯಾಸ ಮಾಡಿದ ಎಂಜಿನಿಯರ್, ಎಂಜಿನಿಯರ್ ಅಲ್ಲದ ವ್ಯವಸ್ಥಾಪಕರೊಬ್ಬರು ವೆಚ್ಚ ಉಳಿಸಲು ಅಡ್ಡ ಬಿಗಿಪಟ್ಟಿಗಳನ್ನು ತೆಗೆದುಹಾಕಲು ನಿರ್ಧರಿಸಿರುವುದನ್ನು ತಿಳಿದುಕೊಳ್ಳುತ್ತಾರೆ. ಕೆಲಸ ಇನ್ನೂ ಆರಂಭವಾಗಿಲ್ಲ. ಅವರು ಮೊದಲು ಮಾಡಬೇಕಾದದ್ದೇನು? ಆಯ್ಕೆಗಳು: ರಾಜೀನಾಮೆ ಕೊಡುವುದು, ನಿಯಂತ್ರಣ ಸಂಸ್ಥೆಗೆ ಕೂಡಲೇ ದೂರು ಕೊಡುವುದು, ಬದಲಾವಣೆಯಿಂದಾಗುವ ಪರಿಣಾಮವನ್ನು ಉದ್ಯೋಗದಾತರಿಗೆ ಸ್ಪಷ್ಟವಾಗಿ ಬರಹದಲ್ಲಿ ತಿಳಿಸುವುದು, ನಿರ್ಧಾರ ಮೇಲಧಿಕಾರಿಯದಾದ್ದರಿಂದ ಒಪ್ಪಿಕೊಳ್ಳುವುದು.

ಹಿರಿಯರ ಮಾತಿಗೆ ಎದುರಾಡಬಾರದೆಂಬ ಕಚೇರಿ ಸಂಸ್ಕೃತಿಯಲ್ಲಿ ಬೆಳೆದವರು ನಾಲ್ಕನೆಯದರತ್ತ ವಾಲುತ್ತಾರೆ. ನೀತಿಯ ಪುಸ್ತಕವನ್ನು ಹೊಸದಾಗಿ ಓದಿದ ಉತ್ಸಾಹಿಗಳು ಎರಡನೆಯದರತ್ತ. ಸರಿಯಾದದ್ದು ಮೂರನೆಯದು. ತಾಂತ್ರಿಕೇತರ ಅಧಿಕಾರಿಯು ಎಂಜಿನಿಯರರ ತೀರ್ಮಾನವನ್ನು ತಳ್ಳಿಹಾಕಿದಾಗ ಅದರ ಪರಿಣಾಮವನ್ನು ಸ್ಪಷ್ಟವಾಗಿ ಮುಂದಿಡದಿರುವುದನ್ನೇ ಒಂಟಾರಿಯೊದ 941ನೇ ನಿಯಮಾವಳಿಯ 72ನೇ ವಿಧಿ ವೃತ್ತಿ ದುರ್ನಡತೆಯೆಂದು ಪಟ್ಟಿ ಮಾಡಿದೆ. ಉದ್ಯೋಗದಾತರು ಕೇಳದೆ ಕೆಲಸ ಮುಂದುವರಿದರೆ, ಆಗ ಕಟ್ಟಡ ಅಧಿಕಾರಿಗೆ ಅಥವಾ ನಿಯಂತ್ರಣ ಸಂಸ್ಥೆಗೆ ತಿಳಿಸುವ ಸರದಿ ಬರುತ್ತದೆ. ಇದೇ ಪ್ರಶ್ನೆಯಲ್ಲಿ ‘ಅಟ್ಟಣಿಗೆ ಈಗಾಗಲೇ ಬಾಗಿದೆ, ಕೆಳಗೆ ಜನ ಕೆಲಸ ಮಾಡುತ್ತಿದ್ದಾರೆ’ ಎಂಬ ಒಂದು ವಾಕ್ಯ ಸೇರಿದರೆ ಕ್ರಮವೆಲ್ಲ ಬದಲಾಗಿ, ಜನರನ್ನು ತೆರವುಗೊಳಿಸುವುದು ಮತ್ತು ಅಧಿಕಾರಿಗಳಿಗೆ ತಿಳಿಸುವುದೇ ಮೊದಲಾಗುತ್ತದೆ.

ಇದು ಪುಸ್ತಕದ ಸಂಗತಿಯಷ್ಟೇ ಅಲ್ಲವೆಂಬುದಕ್ಕೆ ಒಂಟಾರಿಯೊದ ಎಲಿಯಟ್ ಲೇಕ್ ಊರಿನ ಆಲ್ಗೊ ಸೆಂಟರ್ ಮಾಲ್ ಸಾಕ್ಷಿ. ಚಾವಣಿಯ ಮೇಲಿನ ವಾಹನ ನಿಲುಗಡೆಯಿಂದ ವರ್ಷಾನುಗಟ್ಟಲೆ ಉಪ್ಪುನೀರು ಸೋರಿ ಉಕ್ಕು ತುಕ್ಕು ಹಿಡಿದು, 2012ರ ಜೂನ್ 23ರಂದು ಚಾವಣಿ ಕುಸಿದು ಇಬ್ಬರು ಸತ್ತರು. ಮಾಲೀಕರ ಕೋರಿಕೆಯಂತೆ ಪರಿಶೀಲನಾ ವರದಿಯೊಂದನ್ನು ತಿದ್ದಲಾಗಿತ್ತು ಎಂಬುದು ನಂತರದ ಸಾರ್ವಜನಿಕ ವಿಚಾರಣೆಯಲ್ಲಿ ಹೊರಬಂತು. ವರದಿ ತಿದ್ದುವ ಕೋರಿಕೆ, ಇನ್ನೊಬ್ಬರ ನಕ್ಷೆಗೆ ಮೊಹರು ಹಾಕುವ ಕೋರಿಕೆ, ಎರಡೂ ಪಕ್ಷಗಳಿಂದ ಶುಲ್ಕ ಪಡೆಯುವ ಪ್ರಸಂಗ: ನೀತಿ ಪ್ರಶ್ನೆಗಳು ಮತ್ತೆ ಮತ್ತೆ ಇವುಗಳ ಸುತ್ತಲೇ ಹೆಣೆಯಲ್ಪಡುತ್ತವೆ. ಬೇರೆಯವರು ತಯಾರಿಸಿದ ನಕ್ಷೆಗೆ ಸಹಿಯಷ್ಟೇ ಹಾಕಿಕೊಡುವ ರೂಢಿ ನಮ್ಮಲ್ಲಿ ಅಪರಿಚಿತವಲ್ಲ. ಅಲ್ಲಿ ತಾವು ತಯಾರಿಸಿದ, ತಮ್ಮ ನೇರ ಮೇಲ್ವಿಚಾರಣೆಯಲ್ಲಿ ತಯಾರಾದ ಅಥವಾ ಸಂಪೂರ್ಣವಾಗಿ ಪರಿಶೀಲಿಸಿ ಹೊಣೆ ಹೊತ್ತ ದಾಖಲೆಗೆ ಮಾತ್ರ ಮೊಹರು.

ಏಳನೇ ಹಂತ: ನಿಯಂತ್ರಣ, ಶಿಸ್ತು ಮತ್ತು ಉಳಿದ ವಿಷಯಗಳು

ವೃತ್ತಿಯ ನಿಯಂತ್ರಣ ಪ್ರಾಂತ್ಯಗಳ ಅಧಿಕಾರ; ಪ್ರಾಂತ್ಯದ ಶಾಸನಸಭೆ ಅದನ್ನು ಕಾಯ್ದೆಯ ಮೂಲಕ ವೃತ್ತಿಯವರ ಸಂಸ್ಥೆಗೇ ವಹಿಸಿದೆ. ಇಡೀ ದೇಶದಲ್ಲಿ ಇಂತಹ 12 ಸಂಸ್ಥೆಗಳಿವೆ. ಎಂಜಿನಿಯರ್ಸ್ ಕೆನಡಾ ಎಂಬುದು ಅವುಗಳ ಒಕ್ಕೂಟ ಮಾತ್ರ, ಅದು ಪರವಾನಗಿ ಕೊಡುವುದಿಲ್ಲ. ದೂರು, ತನಿಖೆ, ದೂರು ಸಮಿತಿ, ಶಿಸ್ತು ಸಮಿತಿ ಎಂಬ ಸರಣಿಯನ್ನು, ಛೀಮಾರಿಯಿಂದ ಪರವಾನಗಿ ರದ್ದತಿಯವರೆಗಿನ ಶಿಕ್ಷೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪರವಾನಗಿ ಇಲ್ಲದೆ ವೃತ್ತಿ ನಡೆಸಿದವರ ಮೇಲೆ ಶಿಸ್ತು ಸಮಿತಿ ಕ್ರಮ ಕೈಗೊಳ್ಳುವುದಿಲ್ಲ, ಸಂಸ್ಥೆ ನ್ಯಾಯಾಲಯಕ್ಕೆ ಹೋಗುತ್ತದೆ. ಈ ವ್ಯತ್ಯಾಸ ಮರೆಯಬಾರದು.

ಬೆಂಗಳೂರಿನಿಂದ ಹೋದ ಸಾಫ್ಟ್‌ವೇರ್ ಉದ್ಯೋಗಿಗಳಿಗೆ ಹೆಸರಿನ ಪ್ರಶ್ನೆ ನೇರವಾಗಿ ತಟ್ಟುತ್ತದೆ. ಆಲ್ಬರ್ಟಾ 2023ರಲ್ಲಿ ಕಾಯ್ದೆ ತಿದ್ದಿ ‘ಸಾಫ್ಟ್‌ವೇರ್ ಎಂಜಿನಿಯರ್’ ಎಂಬ ಹುದ್ದೆಯ ಹೆಸರನ್ನು ಪರವಾನಗಿಯಿಲ್ಲದೆ ಬಳಸಲು ಅವಕಾಶ ಕೊಟ್ಟಿತು. ಅದು ಒಂದು ಪ್ರಾಂತ್ಯದ ವಿನಾಯಿತಿ. ಪರೀಕ್ಷೆಯಲ್ಲಿ ಸಾಮಾನ್ಯ ನಿಯಮವನ್ನೇ ಹಿಡಿದು ಉತ್ತರಿಸಿ. ಹಾಗೆಯೇ ಕೆನಡಾದ ಎಂಜಿನಿಯರಿಂಗ್ ಪದವೀಧರರು ಧರಿಸುವ ಕಿರುಬೆರಳಿನ ಕಬ್ಬಿಣದ ಉಂಗುರಕ್ಕೂ ಪರವಾನಗಿಗೂ ಸಂಬಂಧವಿಲ್ಲ. 1907ರಲ್ಲಿ ಕುಸಿದು 75 ಕಾರ್ಮಿಕರನ್ನು ಬಲಿ ಪಡೆದ ಕ್ವಿಬೆಕ್ ಸೇತುವೆಯ ಕಬ್ಬಿಣದಿಂದ ಆ ಉಂಗುರ ಮಾಡುತ್ತಾರೆಂಬುದೂ ಬರೀ ದಂತಕಥೆ.

ಕಾರ್ಮಿಕರ ಮೂರು ಹಕ್ಕುಗಳು, ಅಂದರೆ ಅಪಾಯವನ್ನು ತಿಳಿಯುವ, ಸುರಕ್ಷತಾ ವ್ಯವಸ್ಥೆಯಲ್ಲಿ ಭಾಗವಹಿಸುವ ಮತ್ತು ಅಸುರಕ್ಷಿತ ಕೆಲಸವನ್ನು ನಿರಾಕರಿಸುವ ಹಕ್ಕು, ಖಂಡಿತ ಓದಬೇಕಾದವು. 1992ರಲ್ಲಿ ನೋವಾ ಸ್ಕೋಷಿಯಾದ ವೆಸ್ಟ್‌ರೇ ಗಣಿಯಲ್ಲಿ 26 ಮಂದಿ ಸತ್ತ ದುರಂತದ ಫಲವಾಗಿ, ಕೆಲಸ ಮಾಡಿಸುವವರ ಸುರಕ್ಷತಾ ಹೊಣೆ 2004ರಿಂದ ಕ್ರಿಮಿನಲ್ ಸಂಹಿತೆಯೊಳಗೇ ಸೇರಿದೆ. ವೃತ್ತಿ ವಿಮೆ, ನಿರ್ಮಾಣದ ಲೀನ್ ಹಕ್ಕು (ಬಾಕಿ ಹಣಕ್ಕಾಗಿ ಆಸ್ತಿಯ ಮೇಲೆ ಬರುವ ಹಕ್ಕು), ಪಾಲುದಾರಿಕೆ ಮತ್ತು ಕಂಪನಿಯ ಹೊಣೆಗಾರಿಕೆ ಇವುಗಳಿಗೆ ತಲಾ ಒಂದು ಸಂಜೆ ಸಾಕು.

ಎಂಟನೇ ಹಂತ: ಅಭ್ಯಾಸ ಮತ್ತು ಪರೀಕ್ಷೆಯ ದಿನ

ಕೊನೆಯ ಒಂದೆರಡು ವಾರ ಕನಿಷ್ಠ ಮೂರು ಬಾರಿ ಗಡಿಯಾರ ಇಟ್ಟುಕೊಂಡು ಪೂರ್ಣ ಅಭ್ಯಾಸ ಪರೀಕ್ಷೆ ಬರೆಯಿರಿ. ಒಂದು ಪ್ರಶ್ನೆಗೆ ಸಿಗುವುದು ಸುಮಾರು 80 ಸೆಕೆಂಡು. ತಪ್ಪಾದ ಉತ್ತರಗಳನ್ನು ಮೂರು ರಾಶಿ ಮಾಡಿ: ವಿಷಯ ಗೊತ್ತಿಲ್ಲದ್ದು, ಪ್ರಶ್ನೆಯನ್ನು ಸರಿಯಾಗಿ ಓದದ್ದು, ಭಾರತದ ರೂಢಿಯಿಂದ ಉತ್ತರಿಸಿದ್ದು. ಮೂರನೆಯ ರಾಶಿ ಕರಗುವವರೆಗೂ ಸಿದ್ಧತೆ ಮುಗಿದಿಲ್ಲ ಎಂದೇ ತಿಳಿಯಬೇಕು. ನೀತಿ ಪ್ರಶ್ನೆಗಳಲ್ಲಿ ಎರಡು ಆಯ್ಕೆಗಳು ಸರಿಯೆನಿಸಿದಾಗ, ‘ಮೊದಲು’ ಏನು ಎಂದು ಕೇಳಿದ್ದಾರೋ ‘ಅತ್ಯಂತ ಸೂಕ್ತ’ ಯಾವುದು ಎಂದು ಕೇಳಿದ್ದಾರೋ ಎಂಬುದನ್ನು ಮತ್ತೊಮ್ಮೆ ನೋಡಿ. ತಪ್ಪಿಗೆ ಅಂಕ ಕಡಿತವಿಲ್ಲದ ಕಾರಣ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ನೋಂದಣಿಯ ಹೊತ್ತಿನಲ್ಲಿ ಕನ್ನಡಿಗರು ಗಮನಿಸಬೇಕಾದ ಒಂದು ವಿಷಯ ಹೆಸರಿನದು. ಊರಿನ ಅಥವಾ ತಂದೆಯ ಹೆಸರಿನ ಇನಿಷಿಯಲ್ ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದು, ಪದವಿ ಪತ್ರದಲ್ಲಿ ಚುಕ್ಕೆಯೊಂದಿಗೆ, ಕೆನಡಾದ ಚಾಲನಾ ಪರವಾನಗಿಯಲ್ಲಿ ಕುಲನಾಮವಾಗಿ ಬಂದಿರುವುದು ಸಾಮಾನ್ಯ. ಪರೀಕ್ಷೆಯ ದಿನ ಕ್ಯಾಮೆರಾದ ಮುಂದೆ ತೋರಿಸುವ ಗುರುತಿನ ಚೀಟಿಯಲ್ಲಿ ಹೆಸರು ಹೇಗಿದೆಯೋ ಅಕ್ಷರಶಃ ಹಾಗೆಯೇ ನೋಂದಾಯಿಸಿ. ವ್ಯತ್ಯಾಸವಿದ್ದರೆ ವಾರಗಳ ಮುಂಚೆಯೇ ಸಂಸ್ಥೆಗೆ ಬರೆದು ಸರಿಪಡಿಸಿಕೊಳ್ಳಿ. ಕಂಪ್ಯೂಟರ್, ಕ್ಯಾಮೆರಾ ಮತ್ತು ಇಂಟರ್‌ನೆಟ್ ಸಂಪರ್ಕವನ್ನು ಹಿಂದಿನ ದಿನವೇ, ಪರೀಕ್ಷೆ ಬರೆಯಲಿರುವ ಕೋಣೆಯಲ್ಲೇ ಪರೀಕ್ಷಿಸಿ ನೋಡಬೇಕು. ಕಚೇರಿಯ ಲ್ಯಾಪ್‌ಟಾಪ್‌ಗಳಲ್ಲಿ ನಿಗಾ ತಂತ್ರಾಂಶವನ್ನು ಅಳವಡಿಸಲು ಹಲವೆಡೆ ಅನುಮತಿ ಇರುವುದಿಲ್ಲವಾದ್ದರಿಂದ ಸ್ವಂತ ಕಂಪ್ಯೂಟರನ್ನೇ ಬಳಸುವುದು ಕ್ಷೇಮ.